ಆನ್‌ಕಾಲ್, ಮನೆ, ನಿದ್ದೆ: ಹಾಸನದಲ್ಲಿ ಕೂತು ಸರ್ವರ್ ಕಾಯೋರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರೋದು ಹಾಸನದಲ್ಲಿ, ಕಂಪ್ನಿ ಇರೋದು ಬೆಂಗಳೂರಲ್ಲಿ, ಗಿರಾಕಿಗಳು ಅರ್ಧಕ್ಕರ್ಧ ಅಮೆರಿಕದೋರು. ನಾಲ್ಕೈದು ವಾರಕ್ಕೊಂದ್ಸಲ ಆನ್‌ಕಾಲ್ ಪಾಳಿ ನನ್ನ ಮೇಲೆ ಬೀಳತ್ತೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ್ರು, ಅವ್ರ ಅಪ್ಪ ಅಮ್ಮ, ಒಂದೆರಡು ಸಲ ಮದುವೆ ಮನೇಲಿ ಊಟಕ್ಕೆ ಪಕ್ಕ ಕೂತೋರು ಕೂಡ ಕೇಳಿದ ಪ್ರಶ್ನೆಗಳನ್ನ ಅವ್ರು ಕೇಳಿದ ಹಾಗೇ ಇಲ್ಲಿ ಹಾಕಿದೀನಿ. ಸುಲಭದ್ದು ಮೇಲೆ, ತಲೆಬಿಸಿದು ಕೆಳಗೆ.

## ಮೊದಮೊದಲು ಕೇಳೋದು

ಆನ್‌ಕಾಲ್ ಅಂದ್ರೆ ನೈಟ್ ಶಿಫ್ಟ್ ತಾನೇ?

ಅಲ್ಲ. ನಮ್ಮೂರಲ್ಲೇ ಸಾಲಗಾಮೆ ರೋಡಲ್ಲಿ ಇಸ್ರೋದ ಎಂಸಿಎಫ್ (ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ) ಇದ್ಯಲ್ಲ, 1982ರಿಂದ ಇದೆ, ಅಲ್ಲಿ ಉಪಗ್ರಹಗಳನ್ನ ಹಗಲೂ ರಾತ್ರಿ ನೋಡ್ಕೋತಾರೆ, ಅದು ಪಾಳಿ ಕೆಲಸ, ರಾತ್ರಿ ಪಾಳಿ ಮಾಡಿದೋರು ಬೆಳಿಗ್ಗೆ ಮನೆಗೆ ಬಂದು ಮಲಗ್ತಾರೆ. ಆನ್‌ಕಾಲ್‌ನಲ್ಲಿ ಹಾಗಲ್ಲ, ನೀವು ಬೆಳಿಗ್ಗೆಯಿಂದ ಸಂಜೆವರೆಗೆ ಮಾಮೂಲಿ ಕೆಲಸ ಮಾಡಿರ್ತೀರಿ, ಆಮೇಲೆ ರಾತ್ರಿ ಏನಾದ್ರೂ ಕೆಟ್ರೆ ಫೋನ್ ಬಡ್ಕೊಳತ್ತೆ, ಎದ್ದು ಲ್ಯಾಪ್‌ಟಾಪ್ ತೆಗೀಬೇಕು, ಮತ್ತೆ ಬೆಳಿಗ್ಗೆ 10ಕ್ಕೆ ಮೀಟಿಂಗ್‌ಗೆ ಮುಖ ತೋರಿಸ್ಬೇಕು. ಫೋನ್ ಬರ್ದೇನೂ ಇರಬಹುದು. ಕಷ್ಟ ಇರೋದೇ ಆ 'ಬರ್ದೇನೂ ಇರಬಹುದು' ಅನ್ನೋದ್ರಲ್ಲಿ.

ಮನೇಲಿ ಅಪ್ಪ ಅಮ್ಮಂಗೆ ಇದನ್ನ ಹೆಂಗೆ ಅರ್ಥ ಮಾಡ್ಸೋದು?

ನಾನು ಮೊದಲ್ನೇ ವರ್ಷ ಸರ್ವರ್, ಡೇಟಾಬೇಸ್ ಅಂತೆಲ್ಲ ಹೇಳೋಕೆ ಹೋಗಿ ಸೋತೆ. ಅಮ್ಮಂದು ಒಂದೇ ಪ್ರಶ್ನೆ, "ಈ ಹೊತ್ನಲ್ಲಿ ಯಾರ್ಲಾ ಅದು ಫೋನ್ ಮಾಡೋದು, ಅವ್ರಿಗೇನು ಮನೆ ಮಠ ಇಲ್ವಾ". ಆಮೇಲೆ ಒಂದಿನ ಅಪ್ಪನೇ ಅರ್ಥ ಮಾಡ್ಕೊಂಡ್ರು. ನಮ್ಮೂರು ಚನ್ನರಾಯಪಟ್ಟಣದ ಕಡೆ, ತೆಂಗಿನ ತೋಟ, ಬೋರ್‌ವೆಲ್. ತ್ರೀ ಫೇಸ್ ಕರೆಂಟು ರಾತ್ರಿ ಹೊತ್ತೇ ಕೊಡ್ತಿದ್ದ ಕಾಲದಲ್ಲಿ ಅಪ್ಪ ಅರ್ಧ ನಿದ್ದೇಲಿ ಮಲಗ್ತಿದ್ರು, 1 ಗಂಟೆಗೋ 3 ಗಂಟೆಗೋ ಕರೆಂಟ್ ಬಂತು ಅಂದ್ರೆ ಟಾರ್ಚ್ ಹಿಡ್ಕೊಂಡು ಹೋಗಿ ಮೋಟರ್ ಹಾಕ್ಬೇಕು, ಬರದೇ ಹೋದ್ರೆ ಕಾದಿದ್ದಷ್ಟೇ ಬಂತು. "ನಿಂದೂ ಅಂಗೇನಾ" ಅಂದ್ರು, ನಾನು ಹೂಂ ಅಂದೆ. ಅವತ್ತಿಂದ ಆನ್‌ಕಾಲ್ ವಾರದಲ್ಲಿ ಬೆಳಿಗ್ಗೆ 8ರವರೆಗೂ ಯಾರೂ ನನ್ನ ಎಬ್ಬಿಸಲ್ಲ. ಹಸು ಕರು ಹಾಕೋ ರಾತ್ರಿ ಕಾದೋರಿಗೂ ಇದು ತಕ್ಷಣ ಅರ್ಥ ಆಗತ್ತೆ. ನಿಮ್ಮನೇಲಿ ಯಾರು ಯಾವುದಕ್ಕೆ ನಿದ್ದೆ ಕೆಟ್ಟಿದಾರೋ ಅಲ್ಲಿಂದ ಶುರು ಮಾಡಿ.

ಫೋನ್ ಸೈಲೆಂಟಲ್ಲಿ ಇಟ್ಟು ಮಲಗಿದ್ರೆ ಕಾಲ್ ಮಿಸ್ ಆಗಲ್ವಾ?

ಆಗತ್ತೆ, ಅದಕ್ಕೇ ಸರ್ವರ್ ಕೆಟ್ರೆ ಫೋನ್ ಬಡಿಸೋ ಅಲರ್ಟ್ ಆ್ಯಪ್‌ಗೆ ಮಾತ್ರ 'ಡು ನಾಟ್ ಡಿಸ್ಟರ್ಬ್' ದಾಟೋಕೆ ಅನುಮತಿ ಕೊಡಿ, ಆಂಡ್ರಾಯ್ಡಲ್ಲೂ ಇದೆ, ಐಫೋನಲ್ಲಿ 2018ರಿಂದ ಇದೆ. ಮಿಕ್ಕಿದ್ದೆಲ್ಲ, ಫ್ಯಾಮಿಲಿ ಗ್ರೂಪಿನ ಗುಡ್ ಮಾರ್ನಿಂಗ್ ಹೂವೂ ಸೇರಿ, ಬಾಯಿ ಮುಚ್ಕೊಂಡಿರ್ಲಿ. ಅಲರ್ಟ್‌ಗೆ ಬೇರೇನೇ ರಿಂಗ್‌ಟೋನ್ ಇಡಿ, ಆದ್ರೆ ಇಷ್ಟದ ಹಾಡು ಮಾತ್ರ ಇಡ್ಬೇಡಿ, ಮೂರು ತಿಂಗಳಲ್ಲಿ ಆ ಹಾಡು ಕೇಳಿದ್ರೆ ಹೊಟ್ಟೆ ತೊಳಸತ್ತೆ.

ನಮ್ಮೂರಲ್ಲಿ ಮಳೆಗಾಲ ಬಂದ್ರೆ ಕರೆಂಟೂ ಇರಲ್ಲ ನೆಟ್ಟೂ ಇರಲ್ಲ, ಇಲ್ಲಿಂದ ಆನ್‌ಕಾಲ್ ಮಾಡೋಕಾಗತ್ತಾ?

ಆಗತ್ತೆ, ಆದ್ರೆ ಬೆಂಗಳೂರಿನ ಹುಡುಗ್ರು ಯೋಚ್ನೆ ಮಾಡದೇ ಇರೋ ನಾಲ್ಕು ವಿಷಯ ನಾವು ಯೋಚ್ನೆ ಮಾಡ್ಬೇಕು. ಹಾಸನ ಟೌನಲ್ಲಿ ಅಷ್ಟು ತೊಂದ್ರೆ ಇಲ್ಲ, ನನ್ನ ಮಾವನ ಮನೆ ಸಕಲೇಶಪುರದ ಕಡೆ, ಅಲ್ಲಿ ಜೂನಿಂದ ಆಗಸ್ಟ್‌ವರೆಗೆ ಒಂದು ಸಿಲ್ವರ್ ಮರ ಲೈನ್ ಮೇಲೆ ಬಿದ್ರೆ ಎರಡು ದಿನ ಕತ್ತಲೆ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯೋರಿಗೂ ಇದೇ ಕಥೆ.

ಕರೆಂಟಿಂದ ಶುರು ಮಾಡಣ. ಮನೆ ಇನ್ವರ್ಟರ್‌ಗೆ ರೌಟರನ್ನೂ ಫೈಬರ್ ಡಬ್ಬಿನೂ ಸೇರಿಸಿ, ಇನ್ವರ್ಟರ್ ಇಲ್ದಿದ್ರೆ ರೌಟರ್‌ಗೇ ಅಂತ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗತ್ತೆ, ಅದು ಕೆಲವು ಗಂಟೆ ಎಳೆಯತ್ತೆ. ಆದ್ರೆ ನಿಮ್ಮ ರೌಟರ್ ಬದುಕಿದ್ರೆ ಸಾಲ್ದು, ಮರ ಕರೆಂಟ್ ಲೈನ್ ಜೊತೆಗೆ ಅದೇ ಕಂಬದ ಮೇಲಿರೋ ಫೈಬರನ್ನೂ ಕಿತ್ಕೊಂಡು ಹೋಗಿರತ್ತೆ. ಅದಕ್ಕೆ ಎರಡು ಬೇರೆ ಬೇರೆ ಕಂಪ್ನಿ ಸಿಮ್ ಇಡಿ. ಒಂದೇ ಕಂಪ್ನಿದು ಎರಡು ಸಿಮ್ ಇಟ್ಕೊಂಡು ಬ್ಯಾಕಪ್ ಇದೆ ಅಂದ್ಕೊಂಡಿದ್ದ ಜಾಣ ನಾನೇ. ಟವರ್ ಬ್ಯಾಟ್ರಿನೂ ಸಾಯತ್ತೆ, ಕರೆಂಟ್ ಹೋಗಿ ಐದಾರು ಗಂಟೆ ಆದ್ಮೇಲೆ ಸಿಗ್ನಲ್ ಕಡ್ಡಿ ಒಂದೊಂದೇ ಕಮ್ಮಿ ಆಗ್ತಾ ಬಂದ್ರೆ ಅದೇ ಸೂಚನೆ, ಪೂರ್ತಿ ಹೋಗೋ ಮುಂಚೆನೇ ಸೆಕೆಂಡರಿಗೆ, ಅಂದ್ರೆ ನಿಮ್ಮ ಬೆನ್ನಿಗೆ ಕಾಯೋ ಎರಡನೇಯವ್ರಿಗೆ, ಒಂದು ಮೆಸೇಜ್ ಹಾಕಿ ಪಾಳಿ ಬಿಟ್ಟುಕೊಡಿ.

ಇನ್ನೊಂದು ಜನಕ್ಕೆ ಗೊತ್ತಿರಲ್ಲ, ಅಲರ್ಟ್ ಆ್ಯಪ್ ನೋಟಿಫಿಕೇಶನ್‌ಗೆ ಡೇಟಾ ಬೇಕು, ಆದ್ರೆ ಮಾಮೂಲಿ ಫೋನ್ ಕಾಲ್ ಡೇಟಾ ಇಲ್ದೇನೂ ಬರತ್ತೆ. ಸೆಟ್ಟಿಂಗಲ್ಲಿ ಆ್ಯಪ್ ಆದ್ಮೇಲೆ ಎರಡು ನಿಮಿಷಕ್ಕೆ ಕಾಲ್ ಬರೋ ಹಾಗೆ ಮಾಡಿಟ್ಕೊಳಿ, ಕಾಲ್ ತಗೊಂಡು ನಂಬರ್ ಒತ್ತಿ 'ನೋಡ್ದೆ' ಅಂತ ಹೇಳೋ ಸೌಲಭ್ಯ ಇರತ್ತೆ.

ಇಷ್ಟೆಲ್ಲ ಮಾಡಿದ್ಮೇಲೂ ನನ್ನ ಅಭಿಪ್ರಾಯ ಏನಂದ್ರೆ ಜುಲೈಲಿ ಮಲೆನಾಡಿನ ಮನೆಯಿಂದ ಪ್ರೈಮರಿ, ಅಂದ್ರೆ ಮೊದಲ ಫೋನ್ ಬರೋ ಪಾಳಿ, ತಗೋಬೇಡಿ. ಬೆಂಗಳೂರಿನೋರ ಹತ್ರ ಮಳೆಗಾಲದ ಎರಡು ವಾರ ಬದಲಾಯಿಸ್ಕೊಂಡು ಬದಲಿಗೆ ಫೆಬ್ರವರಿಲಿ ಎರಡು ವಾರ ಮಾಡಿಕೊಡಿ. ಹಣ್ಣು ಕೊಯ್ಲಲ್ಲಿ ಕೈ ಸಿಕ್ಕಾಕೊಂಡಿರೋ ಕಾಫಿ ತೋಟದೋರಾದ್ರೆ ಬೇರೆ ತಿಂಗಳು ನೋಡ್ಕೊಳಿ.

ಆನ್‌ಕಾಲ್ ಒಪ್ಕೊಳೋ ಮುಂಚೆ ಮ್ಯಾನೇಜರ್ ಹತ್ರ ಏನ್ ಕೇಳ್ಬೇಕು?

ಎಲ್ರೂ ದುಡ್ಡು ಕೇಳ್ತಾರೆ. ನೀವು ಮೊದ್ಲು ನಿಮಿಷ ಕೇಳಿ. ಅಲರ್ಟ್ ಬಂದು ಎಷ್ಟು ನಿಮಿಷದಲ್ಲಿ ನೋಡ್ದೆ ಅನ್ಬೇಕು, ಎಷ್ಟು ನಿಮಿಷದಲ್ಲಿ ಲ್ಯಾಪ್‌ಟಾಪ್ ಮುಂದೆ ಕೂರ್ಬೇಕು. ಇವೆರಡು ನಂಬರ್ ನಿಮ್ಮ ಇಡೀ ವಾರನ ತೀರ್ಮಾನ ಮಾಡತ್ತೆ. 5 ನಿಮಿಷ ಅಂದ್ರೆ ಸ್ನಾನಕ್ಕೆ ಹೋಗೋಕೂ ಫೋನ್ ಬಾತ್‌ರೂಮ್ ಕಿಟಕಿ ಮೇಲೆ ಇಡ್ಬೇಕು. 15 ಆದ್ರೆ ಬೀದಿ ಕೊನೆ ಅಂಗಡಿಗೆ ಹೋಗಬಹುದು. 30 ಆದ್ರೆ ಮಹಾರಾಜ ಪಾರ್ಕಲ್ಲಿ ಮಗುನ ಆಡಿಸ್ಕೊಂಡು ಬರಬಹುದು, ಸಂತೆಗೆ ಹೋಗಬಹುದು, ಅಂದ್ರೆ ಮನುಷ್ಯರ ಹಾಗೆ ಇರಬಹುದು. ಎಲ್ಲಾ ಅಲರ್ಟೂ 5 ನಿಮಿಷದ್ದಾಗಿರಲ್ಲ, ಯಾರೂ ಕೇಳಿಲ್ಲ ಅಂತ ಹಾಗೇ ಇಟ್ಟಿರ್ತಾರೆ ಅಷ್ಟೆ. ನಮ್ಮ ಟೀಮಲ್ಲಿ ಕೇಳಿದ್ಮೇಲೆ ಎರಡೇ ಎರಡು ಸರ್ವಿಸ್‌ಗೆ 5 ಉಳೀತು, ಮಿಕ್ಕಿದ್ದೆಲ್ಲ 30 ಆಯ್ತು.

## ಮನೆ, ನಿದ್ದೆ, ನೆಂಟರು

ಆನ್‌ಕಾಲ್ ವಾರದಲ್ಲೇ ಮದುವೆ, ನಾಮಕರಣ, ತಿಥಿ ಬಂದ್ರೆ ಏನ್ ಮಾಡ್ತೀರ?

ಮೊದ್ಲು ಮಾಡ್ತಿದ್ದ ದಡ್ಡತನ ಹೇಳ್ತೀನಿ. ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡು ಹೋಗ್ಬಿಡ್ತಿದ್ದೆ. ಚಿಕ್ಕಪ್ಪನ ಮಗಳ ಮದುವೇಲಿ ಧಾರೆ ಹೊತ್ತಿಗೆ ಸರಿಯಾಗಿ ಅಲರ್ಟು, ಛತ್ರದಲ್ಲಿ ವಾಲಗ ಜೋರು, ನಾನು ಪಾತ್ರೆ ಇಡೋ ರೂಮಲ್ಲಿ ಅನ್ನದ ಕೊಪ್ಪರಿಗೆ ಪಕ್ಕ ಕೂತ್ಕೊಂಡು ಡೇಟಾಬೇಸ್ ನೋಡ್ತಾ ಇದ್ದೆ, ಅಡಿಗೆ ಭಟ್ಟರು ಬಂದು "ಸ್ವಾಮಿ ಸ್ವಲ್ಪ ಎದ್ದೇಳಿ ಸೌಟು ತಗೋಬೇಕು" ಅಂದ್ರು. ಧಾರೆನೂ ನೋಡ್ಲಿಲ್ಲ, ಕೆಲಸನೂ ನೆಟ್ಟಗೆ ಮಾಡ್ಲಿಲ್ಲ, ತಪ್ಪು ಸರ್ವರ್ ರೀಸ್ಟಾರ್ಟ್ ಮಾಡಿ ಇನ್ನೂ 20 ನಿಮಿಷ ಜಾಸ್ತಿ ಕೆಡಿಸಿದೆ.

ಈಗ ಆ ಐದು ಗಂಟೆ ಮಾತ್ರ ಇನ್ನೊಬ್ರಿಗೆ ಕೊಡ್ತೀನಿ. ಇಡೀ ವಾರ ಬದಲಾಯಿಸಿ ಅಂದ್ರೆ ಯಾರೂ ಒಪ್ಪಲ್ಲ, ಮುಹೂರ್ತ 10ರಿಂದ 11:30, ಹೋಗಿ ಬರೋದು ಸೇರಿ 8ರಿಂದ 1ರವರೆಗೆ ನೋಡ್ಕೊತೀಯಾ ಮಗಾ ಅಂದ್ರೆ ಹತ್ತಕ್ಕೆ ಒಂಬತ್ತು ಜನ ಹೂಂ ಅಂತಾರೆ. ಪಾಳಿ ಪಟ್ಟಿ ಇಡೋ ರೋಸ್ಟರ್ ಸಾಫ್ಟ್‌ವೇರಲ್ಲಿ ಸಾಮಾನ್ಯವಾಗಿ ಹೀಗೆ ಗಂಟೆ ಲೆಕ್ಕದಲ್ಲಿ ಓವರ್‌ರೈಡ್, ಅಂದ್ರೆ ಪಾಳಿ ಬದಲು, ಹಾಕೋಕೆ ಆಗತ್ತೆ. ಬಾಯಿ ಮಾತಲ್ಲಿ ಬಿಡ್ಬೇಡಿ, ಅದ್ರಲ್ಲಿ ಹಾಕಿ, ಇಲ್ಲಾಂದ್ರೆ ಫೋನ್ ನಿಮಗೇ ಬರತ್ತೆ. ಧರ್ಮಸ್ಥಳಕ್ಕೋ ಮಂಗಳೂರಿಗೋ ಹೋಗೋರಿದ್ರೆ ಶಿರಾಡಿ, ಚಾರ್ಮಾಡಿ ಎರಡು ಘಾಟಲ್ಲೂ ಸಿಗ್ನಲ್ ಹೋಗೋ ಜಾಗ ಇದೆ, ಮಳೆಗಾಲದಲ್ಲಿ ಗುಡ್ಡ ಕುಸಿದು ಟ್ರಾಫಿಕ್ ನಿಂತ್ರೆ ಒಂದು ಗಂಟೆದು ನಾಲ್ಕಾಗತ್ತೆ, ಹತ್ತೋ ಮುಂಚೆನೇ ಪಾಳಿ ಕೊಟ್ಟು ಹೊರಡಿ. ಸಾವಿನ ಮನೆಗೆ ಹೋಗೋಕೆ ಮಾತ್ರ ಯಾರ ಒಪ್ಪಿಗೆನೂ ಕೇಳ್ಬೇಡಿ, ಹೇಳಿ ಹೋಗಿ ಅಷ್ಟೆ.

ರಾತ್ರಿ 2ಕ್ಕೆ ಎದ್ದು ಸರಿ ಮಾಡಿದ್ಮೇಲೆ ನಿದ್ದೆನೇ ಬರಲ್ಲ ಅಣ್ಣ, ಕಾಫಿ ಕುಡ್ದೇ ಕೂತಿರ್ತೀನಿ, ಸರಿನಾ?

ಕಾಫಿ ನಾಡಲ್ಲಿ ಹುಟ್ಟಿ ಕಾಫಿ ಬೇಡ ಅನ್ನೋಕೆ ಬಾಯಿ ಬರಲ್ಲ, ಆದ್ರೆ ಲೆಕ್ಕ ಕೇಳಿ. ಕುಡಿದ ಕೆಫೀನಲ್ಲಿ ಅರ್ಧ ಕರಗೋಕೆ ಸುಮಾರು 5 ಗಂಟೆ ಬೇಕು. 2 ಗಂಟೆಗೆ ಕುಡಿದ್ರೆ 7 ಗಂಟೆಗೂ ಅರ್ಧ ಲೋಟ ಮೈಯಲ್ಲೇ ಇರತ್ತೆ, ಅದರಲ್ಲೂ ರೊಬಸ್ಟಾದಲ್ಲಿ ಅರೇಬಿಕಾಗಿಂತ ಹೆಚ್ಚೂಕಮ್ಮಿ ಎರಡರಷ್ಟು ಕೆಫೀನ್ ಇರೋದು. ಬೆಳಗಿನವರೆಗೂ ಕೂರ್ಲೇಬೇಕಾದ ದೊಡ್ಡ ಇನ್ಸಿಡೆಂಟ್ ಆದ್ರೆ ಕುಡೀರಿ, ಅರ್ಧ ಗಂಟೆದಾದ್ರೆ ಬಿಸಿ ನೀರು ಕುಡಿದು ಮಲಗಿ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಗಾಢ ನಿದ್ದೆಯಿಂದ ಎಬ್ಬಿಸಿದ್ರೆ ಮೊದಲ 15ರಿಂದ 30 ನಿಮಿಷ ತಲೆ ಪೂರ್ತಿ ಕೆಲಸ ಮಾಡಲ್ಲ, ನಾವು ಎಚ್ಚರ ಇದೀವಿ ಅಂದ್ಕೊಂಡಿರ್ತೀವಿ ಅಷ್ಟೆ. ಆ ಹೊತ್ತಲ್ಲಿ ಡಿಲೀಟ್ ಮಾಡೋ ಕಮಾಂಡ್ ಯಾವುದನ್ನೂ ಮುಟ್ಬೇಡಿ, ಮುಖ ತೊಳೀರಿ, ಲೈಟ್ ಹಾಕಿ, ಹಗಲು ಹೊತ್ತಲ್ಲಿ ಬರೆದಿಟ್ಟ ರನ್‌ಬುಕ್ಕಿನ (ಏನು ಕೆಟ್ರೆ ಏನು ಮಾಡ್ಬೇಕು ಅನ್ನೋ ಪಟ್ಟಿ) ಸಾಲುಗಳನ್ನ ಒಂದೊಂದಾಗಿ ಓದ್ಕೊಂಡು ಮಾಡಿ. ರನ್‌ಬುಕ್ ಬರೆಯೋರೂ ಅರೆನಿದ್ದೇಲಿ ಇರೋನು ಓದ್ತಾನೆ ಅಂತ ತಿಳ್ಕೊಂಡೇ ಬರೀಬೇಕು, "ಸೂಕ್ತ ಕ್ರಮ ಕೈಗೊಳ್ಳಿ" ಅಂತ ಬರೆದೋನಿಗೆ ಒಂದು ವಾರ ಅವನ ರನ್‌ಬುಕ್ಕೇ ಕೊಟ್ಟು ಆನ್‌ಕಾಲ್ ಹಾಕ್ಬೇಕು. ಮಲಗೋ ಮುಂಚೆ ಏನಾಯ್ತು ಅಂತ ನಾಲ್ಕು ಸಾಲು ಗೀಚಿ ಮಲಗಿ, ಬರೆಯದೇ ಮಲಗಿದ್ರೆ ಮರೆತುಬಿಡ್ತೀನೇನೋ ಅಂತ ತಲೆ ಅದನ್ನೇ ಸುತ್ತತ್ತೆ.

ಒಂದೂ ಕಾಲ್ ಬರ್ಲಿಲ್ಲ, ಆದ್ರೂ ವಾರ ಮುಗಿಯೋ ಹೊತ್ತಿಗೆ ಸುಸ್ತು. ನಂಗೇ ಏನಾದ್ರೂ ತೊಂದ್ರೆ ಇದ್ಯಾ?

ಇಲ್ಲ. ಕಾಯೋದೂ ಕೆಲಸನೇ. ಫೋನ್ ಬರಬಹುದು ಅಂತ ಮಲಗಿದ ನಿದ್ದೆ ಪೂರ್ತಿ ನಿದ್ದೆ ಅಲ್ಲ, ಅಪ್ಪನ್ನ ಕೇಳಿದ್ರೂ ಇದನ್ನೇ ಹೇಳ್ತಾರೆ.

ಬೆಲ್ಜಿಯಂನಲ್ಲಿ ಒಬ್ಬ ಅಗ್ನಿಶಾಮಕ ದಳದೋನು ಮನೇಲಿ ಕಾಯೋ ಹೊತ್ತಿಗೂ ಸಂಬಳ ಕೊಡಿ ಅಂತ ಕೋರ್ಟಿಗೆ ಹೋಗಿದ್ದ, ಕರೆ ಬಂದ್ರೆ 8 ನಿಮಿಷದಲ್ಲಿ ಸ್ಟೇಷನ್ನಲ್ಲಿ ಇರ್ಬೇಕು ಅನ್ನೋ ನಿಯಮ ಅವನಿಗೆ. 2018ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಆ ಕಾಯೋ ಹೊತ್ತು ಕೆಲಸದ ಹೊತ್ತೇ ಅಂತು, ಯಾಕಂದ್ರೆ ಅಷ್ಟು ಕಮ್ಮಿ ನಿಮಿಷ ಕೊಟ್ರೆ ಮನುಷ್ಯ ಬೇರೇನೂ ಮಾಡೋಕಾಗಲ್ಲ. ಆ ತೀರ್ಪು ನಮ್ಮ ದೇಶಕ್ಕೆ ಅನ್ವಯ ಆಗಲ್ಲ, ಆದ್ರೆ ನಾನು ಮೇಲೆ ನಿಮಿಷ ಕೇಳಿ ಅಂತ ಯಾಕೆ ಬಡ್ಕೊಂಡೆ ಅಂತ ಗೊತ್ತಾಯ್ತಲ್ಲ.

"ಸರ್ವರ್‌ನೇ ಮದುವೆ ಆಗ್ಬೇಕಿತ್ತು ನೀನು" ಅಂತಾಳೆ ಹೆಂಡ್ತಿ, ಏನ್ ಮಾಡ್ಲಿ?

ಅವಳ ಕಡೆಯಿಂದ ನೋಡಿ, ಸಂಬಳ ನಿಮಗೆ, ನಿದ್ದೆ ಕೆಡೋದು ಇಬ್ರಿಗೂ. ನಮ್ಮನೇಲಿ ಅಡುಗೆಮನೆ ಕ್ಯಾಲೆಂಡರಲ್ಲಿ, ಹಾಲಿನ ಲೆಕ್ಕ ಬರೆಯೋ ಅದೇ ಕ್ಯಾಲೆಂಡರಲ್ಲಿ, ಮೂರು ತಿಂಗಳ ಆನ್‌ಕಾಲ್ ವಾರಗಳಿಗೆ ಕೆಂಪು ಗೀಟು ಹಾಕಿರ್ತೀನಿ, ಅವಳು ತವರಿಗೆ ಹೋಗೋದೋ ನೆಂಟರನ್ನ ಕರೆಯೋದೋ ಅದು ನೋಡ್ಕೊಂಡು ಮಾಡ್ತಾಳೆ. ಆ ವಾರ ನಾನು ನಡುಮನೇಲಿ ಚಾಪೆ ಹಾಕ್ಕೊಂಡು ಮಲಗ್ತೀನಿ. ಮುಂದಿನ ವಾರ ಮಗುನ ಬೆಳಿಗ್ಗೆ ಎಬ್ಬಿಸಿ ರೆಡಿ ಮಾಡಿ ಸ್ಕೂಲ್ ವ್ಯಾನ್ ಹತ್ತಿಸೋದು ಪೂರ್ತಿ ನನ್ನ ಪಾಲು. ಆನ್‌ಕಾಲ್ ಅಲ್ಲದ ವಾರದಲ್ಲೂ ಊಟಕ್ಕೆ ಕೂತಾಗ ಫೋನ್ ನೋಡ್ತಾ ಇದ್ರೆ ಮಾತ್ರ ಅವಳು ಹೇಳಿದ್ದು ಸರಿ, ಅದಕ್ಕೆ ನನ್ನ ಹತ್ರ ಮದ್ದಿಲ್ಲ.

ಮಗು ಚಿಕ್ಕದು ಸರ್, ರಾತ್ರಿ ಆನ್‌ಕಾಲ್ ಆಗಲ್ಲ ಅಂದ್ರೆ ಇವಳಿಗೆ ಕೆಲಸದ ಮೇಲೆ ಆಸಕ್ತಿ ಇಲ್ಲ ಅಂತಾರೆ. ಹೇಗೆ ಕೇಳ್ಲಿ?

ಆಗಲ್ಲ ಅನ್ನೋ ಬದಲು ಯಾವುದು ಆಗತ್ತೆ ಅಂತ ಹೇಳಿ. ಶನಿವಾರ ಭಾನುವಾರದ ಹಗಲು 8ರಿಂದ 8 ನನಗೆ ಕೊಡಿ, ರಾತ್ರಿ ಬೇಡ ಅಂತ ಒಬ್ರು ಕೇಳಿದ್ರು, ಟೀಮಲ್ಲಿ ಭಾನುವಾರ ಕ್ರಿಕೆಟ್ ಆಡೋ ಹುಡುಗ್ರು ಕುಣಿದಾಡ್ಬಿಟ್ರು. ಎಷ್ಟು ತಿಂಗಳು ಅಂತನೂ ಹೇಳಿ, ಇಮೇಲಲ್ಲಿ ಬರೆದಿಡಿ. ಮಗು ಇರೋ ಗಂಡಸ್ರೂ ಇದನ್ನ ಕೇಳಬಹುದು, ಯಾಕೋ ಕೇಳಲ್ಲ.

## ಟೀಮು, ದುಡ್ಡು, ಕಾನೂನು

ನಮ್ಮ ಟೀಮಲ್ಲಿ ಮೂರೇ ಜನ, ಮೂರು ವಾರಕ್ಕೊಂದ್ಸಲ ನಂಗೆ ಬರತ್ತೆ. ಇದು ಮಾಮೂಲಿನಾ?

ಮಾಮೂಲಿ ಹೌದು, ಸರಿ ಅಲ್ಲ. ಗೂಗಲ್‌ನ ಎಸ್ಆರ್‌ಇ (ಸರ್ವಿಸ್ ಕೆಡದ ಹಾಗೆ ನೋಡ್ಕೊಳೋ) ಟೀಮಿನೋರು 2016ರಲ್ಲಿ ತಮ್ಮ ಪದ್ಧತಿ ಬರೆದು ಪ್ರಕಟಿಸಿದ್ರು, ಅದ್ರ ಪ್ರಕಾರ ಒಬ್ರ ಸಮಯದಲ್ಲಿ ಆನ್‌ಕಾಲ್ 25% ದಾಟಬಾರ್ದು. ವಾರ ವಾರದ ಪಾಳಿ, ಜೊತೆಗೆ ಪ್ರೈಮರಿ ಸೆಕೆಂಡರಿ ಇಬ್ರು ಅಂದ್ರೆ ಒಂದೇ ಊರಿನ ಟೀಮಲ್ಲಿ ಕನಿಷ್ಠ 8 ಜನ ಬೇಕು, ಎರಡು ದೇಶದಲ್ಲಿ ಹಂಚಿದ್ರೆ ಒಂದೊಂದು ಕಡೆ 6. 12 ಗಂಟೆ ಪಾಳಿಗೆ ಎರಡಕ್ಕಿಂತ ಹೆಚ್ಚು ಇನ್ಸಿಡೆಂಟ್ ಬರಬಾರ್ದು ಅಂತನೂ ಹೇಳ್ತಾರೆ, ಯಾಕಂದ್ರೆ ಒಂದನ್ನ ಸರಿ ಮಾಡಿ, ಕಾರಣ ಹುಡುಕಿ, ಬರೆದು ಮುಗಿಸೋಕೆ ಸುಮಾರು 6 ಗಂಟೆ ಹಿಡಿಯತ್ತೆ. ಗೂಗಲ್ ಹತ್ರ ಜನ ಇದಾರೆ, ನಮ್ಮ ಹತ್ರ ಇಲ್ಲ, ಗೊತ್ತು. ಆದ್ರೂ ಮೂರು ಜನರ ಟೀಮ್ ಆದ್ರೆ 24 ಗಂಟೆ ಆನ್‌ಕಾಲ್ ಯಾವ ಸರ್ವಿಸ್‌ಗೆ ನಿಜವಾಗ್ಲೂ ಬೇಕು ಅಂತ ಮ್ಯಾನೇಜರ್ ಹತ್ರ ಕೂತು ಪಟ್ಟಿ ಮಾಡಿ, ಬೆಳಿಗ್ಗೆ 9ರವರೆಗೆ ಕಾಯಬಹುದಾದ್ದೇ ಜಾಸ್ತಿ ಸಿಗತ್ತೆ.

ಎಕ್ಸ್‌ಟ್ರಾ ದುಡ್ಡು ಕೇಳಬಹುದಾ? ಕಾನೂನು ಏನ್ ಹೇಳತ್ತೆ?

ಕೇಳಬಹುದು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು, ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಮೇಲೆ ಮಾಡಿದ್ದಕ್ಕೆ ದುಪ್ಪಟ್ಟು ದರ ಅಂತ ಅದ್ರಲ್ಲಿ ಬರೆದಿತ್ತು. ಮ್ಯಾನೇಜರ್ ಹುದ್ದೆಯೋರು ಅದರಿಂದ ಹೊರಗೆ. ಆದ್ರೆ ಅದು ಬರೆದ ಕಾಲದಲ್ಲಿ ದಿಂಬಿನ ಪಕ್ಕ ಫೋನ್ ಇಟ್ಕೊಂಡು ಕಾಯೋ ಕೆಲಸ ಇರ್ಲಿಲ್ಲ. ಕೆಲಸದ ಹೊತ್ತು ಮುಗಿದ್ಮೇಲೆ ಫೋನ್ ಎತ್ತದೇ ಇರೋ ಹಕ್ಕು ಫ್ರಾನ್ಸಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಇದೆ, ನಮ್ಮಲ್ಲಿ 2018ರಲ್ಲಿ ಲೋಕಸಭೆಲಿ ಸಂಸದೆ ಸುಪ್ರಿಯಾ ಸುಳೆ ಅಂಥದ್ದೇ ಖಾಸಗಿ ಮಸೂದೆ ಮಂಡಿಸಿದ್ರು, ಕಾನೂನಾಗಲಿಲ್ಲ.

ಹಾಗಾಗಿ ಸದ್ಯಕ್ಕೆ ನಿಮ್ಮ ಕೈಲಿರೋದು ಆಫರ್ ಲೆಟರ್ ಮತ್ತೆ ಕಂಪ್ನಿ ಪಾಲಿಸಿ. ಎರಡು ಬೇರೆ ಬೇರೆ ಕೇಳಿ, ಕಾಯೋದಕ್ಕೆ ವಾರಕ್ಕಿಷ್ಟು, ಎದ್ದು ಕೆಲಸ ಮಾಡಿದ್ದಕ್ಕೆ ಗಂಟೆಗಿಷ್ಟು. ದುಡ್ಡು ಆಗಲ್ಲ ಅಂದ್ರೆ ರಜ ಕೇಳಿ, ರಾತ್ರಿ 12ರ ಮೇಲೆ ಎದ್ರೆ ಮಾರನೇ ದಿನ ಮಧ್ಯಾಹ್ನದಿಂದ ಕೆಲಸ ಅನ್ನೋ ನಿಯಮ ಬಹಳ ಕಡೆ ಒಪ್ತಾರೆ. "ಯಾವತ್ತಾದ್ರೂ ಅಡ್ಜಸ್ಟ್ ಮಾಡ್ಕೊ" ಅಂದ್ರೆ ಆ ರಜ ಯಾವತ್ತೂ ಸಿಗಲ್ಲ, ಅದೇ ವಾರದಲ್ಲೇ ತಗೊಳಿ.

ಹಬ್ಬಕ್ಕೆ ಸರಿಯಾಗಿ ನನ್ನ ಪಾಳಿನೇ ಬರತ್ತಲ್ಲ ಗುರು?

ವರ್ಷದ ಶುರುಲೇ ಹೇಳಿಡ್ಬೇಕು. ದೀಪಾವಳಿ ರಜ ಎಲ್ಲರ ಪಟ್ಟೀಲೂ ಇರತ್ತೆ, ಆದ್ರೆ ಹಾಸನಾಂಬ ಬಾಗಿಲು ತೆಗೆಯೋದು ಆಶ್ವಯುಜ ಹುಣ್ಣಿಮೆ ಆದ್ಮೇಲಿನ ಮೊದಲ್ನೇ ಗುರುವಾರ, ವರ್ಷಕ್ಕೆ ಆ ಕೆಲವೇ ದಿನ, ಮನೆ ತುಂಬ ನೆಂಟ್ರು, ಅದು ಯಾವ ಎಚ್ಆರ್ ಪಟ್ಟೀಲೂ ಇಲ್ಲ. ಊರಹಬ್ಬನೂ ಅಷ್ಟೆ, ಚಿಕ್ಕಮಗಳೂರಿನೋರಿಗೆ ದೇವೀರಮ್ಮನ ಬೆಟ್ಟ ಹತ್ತೋ ದಿನನೂ ಅಷ್ಟೆ. ನಾನು ಕ್ರಿಸ್‌ಮಸ್ ವಾರ ಪ್ರತಿವರ್ಷ ತಗೊಂಡು ಹಾಸನಾಂಬ ವಾರ ಬಿಡಿಸ್ಕೋತೀನಿ, ಕ್ರಿಸ್‌ಮಸ್‌ಗೆ ಯಾರೂ ಹೊಸ ಕೋಡ್ ಹಾಕಲ್ಲ, ಹಾಗಾಗಿ ಏನೂ ಕೆಡಲ್ಲ. ಇದನ್ನ ನಮ್ಮ ಟೀಮಿಗೆ ಹೇಳ್ಬೇಡಿ.

## ಸ್ವಲ್ಪ ಆಳದ್ದು

ಅಲರ್ಟ್‌ಗಳು ವಿಪರೀತ ಬರ್ತವೆ, ಕಮ್ಮಿ ಮಾಡೋದು ಹೆಂಗೆ?

ಸಕಲೇಶಪುರ, ಆಲೂರು ಕಡೆ ಆನೆ ಎಲ್ಲಿದೆ ಅಂತ ಜನರ ಫೋನಿಗೆ ಮೆಸೇಜ್ ಬರತ್ತೆ. ನಮ್ಮ ತೋಟದ ಹತ್ರ ಅಂದ್ರೆ ಮಾವ ಎದ್ದು ನಿಲ್ತಾರೆ, ಇಪ್ಪತ್ತು ಮೈಲಿ ಆಚೆದು ಅಂದ್ರೆ ನೋಡಿ ಸುಮ್ನಾಗ್ತಾರೆ, ದಿನಾ ಅಂಥದ್ದೇ ಹತ್ತು ಬಂದ್ರೆ ನೋಡೋದೇ ಬಿಡ್ತಾರೆ, ಅವತ್ತೇ ಆನೆ ಗೇಟ್ ಹತ್ರ ಇರತ್ತೆ. ಸರ್ವರ್‌ನ ಸಿಪಿಯು 80% ಬಿಜಿ ಆಯ್ತು ಅಂತ ಎಬ್ಬಿಸೋದು ಇಪ್ಪತ್ತು ಮೈಲಿ ಆಚೆ ಆನೆ. ಗಿರಾಕಿಗೆ ಪೇಜ್ ತೆಗೀತಿಲ್ಲ, ಪೇಮೆಂಟ್ ಆಗ್ತಿಲ್ಲ, ಇಂಥದ್ದಕ್ಕೆ ಮಾತ್ರ ಎಬ್ಬಿಸ್ಬೇಕು, ಮಿಕ್ಕಿದ್ದು ಬೆಳಿಗ್ಗೆ ನೋಡೋ ಪಟ್ಟಿಗೆ ಹೋಗ್ಲಿ.

ಮ್ಯಾನೇಜರ್ ಹತ್ರ ವಾದ ಮಾಡೋಕೆ ಒಂದು ಲೆಕ್ಕ ಕೊಡ್ತೀನಿ. ಸರ್ವಿಸ್ 99.9% ಹೊತ್ತು ನಡೀತಿರ್ಬೇಕು ಅಂದ್ರೆ 30 ದಿನದ ತಿಂಗಳಲ್ಲಿ 43 ನಿಮಿಷ ಕೆಡೋಕೆ ಅವಕಾಶ ಇದೆ. 99.99% ಅಂದ್ರೆ ಬರೀ 4.3 ನಿಮಿಷ. ನಾಲ್ಕು ನಿಮಿಷದಲ್ಲಿ ಮನುಷ್ಯ ಕನ್ನಡಕ ಹುಡುಕಿರಲ್ಲ. ಅಂದ್ರೆ ಅಂಥ ಮಾತನ್ನ ಗಿರಾಕಿಗೆ ಕೊಟ್ಟಿದ್ರೆ ಯಂತ್ರನೇ ತಾನಾಗಿ ಸರಿ ಮಾಡ್ಕೋಬೇಕು, ನಿಮ್ಮನ್ನ ಎಬ್ಬಿಸಿ ಪ್ರಯೋಜನ ಇಲ್ಲ.

ವಾರದ ಕೊನೇಲಿ ಬಂದ ಪ್ರತಿ ಅಲರ್ಟ್ ಮುಂದೆ 'ಏನಾದ್ರೂ ಮಾಡಿದ್ನಾ, ಸುಮ್ನೆ ನೋಡಿ ಮಲಗಿದ್ನಾ' ಅಂತ ಬರೀರಿ. ಎರಡ್ನೇದು ಮೂರು ಸಲ ಬಂದ್ರೆ ಆ ಅಲರ್ಟ್ ತೆಗೆದುಹಾಕಿ.

ಎಲ್ಲಾದಕ್ಕೂ ಆಟೋ ರೀಸ್ಟಾರ್ಟ್ ಹಾಕ್ಬಿಟ್ರೆ ನಿದ್ದೆ ಮಾಡಬಹುದಲ್ಲ?

ಅಪ್ಪನೂ ಕೊನೆಗೆ ಆಟೋ ಸ್ಟಾರ್ಟರ್ ಹಾಕ್ಸಿದ್ರು, ಕರೆಂಟ್ ಬಂದ್ರೆ ಮೋಟರ್ ತಾನೇ ಓಡತ್ತೆ. ಆಮೇಲೆ ಸುತ್ತಮುತ್ತ ಎಲ್ಲಾ ತೋಟದೋರೂ ಹಾಕ್ಸಿದ್ರು. ಕರೆಂಟ್ ಬಂದ ಕೂಡ್ಲೇ ಎಲ್ಲಾ ಮೋಟರೂ ಒಟ್ಟಿಗೆ ಎದ್ದು ಎಳೆಯೋಕೆ ಶುರು ಮಾಡಿದ್ರೆ ಟಿಸಿ (ಟ್ರಾನ್ಸ್‌ಫಾರ್ಮರ್) ತಡೆಯತ್ತಾ, ಸುಟ್ಟುಹೋಯ್ತು, ಲೈನ್‌ಮನ್ ಬಂದು ಬೈದು ಹೋದ. ಸರ್ವರ್ ಲೋಕದಲ್ಲೂ ಡಿಟ್ಟೋ. ಡೇಟಾಬೇಸ್ ಒಂದು ನಿಮಿಷ ಬಿದ್ದು ಎದ್ರೆ ಕಾಯ್ತಾ ಇದ್ದ ಸಾವಿರ ಪ್ರೋಗ್ರಾಂ ಒಟ್ಟಿಗೆ ಬಡಿದು ಮತ್ತೆ ಬೀಳಿಸ್ತವೆ. ಅದಕ್ಕೆ ಮತ್ತೆ ಪ್ರಯತ್ನ ಮಾಡೋ ಮುಂಚೆ ಕಾಯೋ ಹೊತ್ತು ಪ್ರತಿ ಸಲ ದುಪ್ಪಟ್ಟು ಮಾಡ್ಬೇಕು, ಜೊತೆಗೆ ಒಬ್ಬೊಬ್ರಿಗೆ ಒಂದೊಂದು ಥರ ಏರುಪೇರೂ ಸೇರಿಸ್ಬೇಕು, ಎಷ್ಟು ಸಲ ಅಂತ ಮಿತಿನೂ ಇರ್ಬೇಕು. ಮೂರು ಸಲ ತಾನೇ ಎದ್ದೂ ಬಿದ್ರೆ ಆಗ ನಿಮ್ಮನ್ನ ಎಬ್ಬಿಸ್ಲಿ.

ಅಮೆರಿಕದ ಟೀಮ್ ಜೊತೆ ಹಗಲು-ಹಗಲು ಹಂಚ್ಕೊಂಡಿದೀವಿ, ಆದ್ರೂ ನವೆಂಬರಲ್ಲಿ ಗಲಾಟೆ ಆಗತ್ತೆ, ಯಾಕೆ?

ಅವ್ರ ಗಡಿಯಾರ ಮಾರ್ಚ್ ಎರಡನೇ ಭಾನುವಾರ ಮುಂದೆ ಹೋಗತ್ತೆ, ನವೆಂಬರ್ ಮೊದಲ್ನೇ ಭಾನುವಾರ ಹಿಂದೆ ಬರತ್ತೆ, ನಮ್ಮದು ಅಲ್ಲಾಡಲ್ಲ. ಕ್ಯಾಲಿಫೋರ್ನಿಯಾಗೂ ನಮಗೂ ಬೇಸಿಗೇಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ. ಅವ್ರ ಬೆಳಿಗ್ಗೆ 8ಕ್ಕೆ ಪಾಳಿ ಕೊಡೋದು ಅಂತಿದ್ರೆ ನಮಗೆ ರಾತ್ರಿ 8:30 ಇದ್ದದ್ದು 9:30 ಆಗತ್ತೆ. ರೋಸ್ಟರ್ ಯಾವ ಊರಿನ ಟೈಮಲ್ಲಿ ಕೂತಿದೆ ನೋಡಿ, ಆ ಒಂದು ಗಂಟೆ ನಾಲ್ಕು ತಿಂಗಳು ನಾವೇ ಹೊರೋ ಬದಲು ಇಬ್ರೂ ಅರ್ಧರ್ಧ ಗಂಟೆ ಹಂಚ್ಕೊಳಿ.

ಆನ್‌ಕಾಲ್ ಇಲ್ಲದ ಕೆಲಸಕ್ಕೆ ಹೋಗ್ಬಿಡ್ಲಾ ಅನ್ಸತ್ತೆ. ಯಾವಾಗ ಬಿಡ್ಬೇಕು?

ಒಂದು ರಾತ್ರಿ ಕೆಟ್ಟಿದ್ದಕ್ಕೆ ಬಿಡ್ಬೇಡಿ. ಅದೇ ಅಲರ್ಟ್ ಆರು ತಿಂಗಳಿಂದ ಎಬ್ಬಿಸ್ತಾ ಇದೆ, ನೀವು ಬರೆದು ಕೊಟ್ಟಿದೀರಿ, ಸರಿ ಮಾಡೋಕೆ ಎರಡು ದಿನ ಕೊಡಿ ಅಂತ ಕೇಳಿದೀರಿ, ಪ್ರತಿ ಸಲ ಹೊಸ ಫೀಚರ್ ಮೊದ್ಲು ಅಂತಾರೆ, ಹಾಗಿದ್ರೆ ಅಲ್ಲಿ ಕೆಟ್ಟಿರೋದು ಸರ್ವರ್ ಅಲ್ಲ, ಬೇರೆ ಕೆಲಸ ಹುಡುಕಿ. ಆನ್‌ಕಾಲ್ ಅಲ್ಲದ ವಾರದಲ್ಲೂ ಎದೆ ಡವಡವ ಅನ್ನೋದು, ಫೋನ್ ಬಡಿಯದೇ ಬಡಿದ ಹಾಗೆ ಕೇಳೋದು ಶುರುವಾಗಿದ್ರೆ ಅದಕ್ಕೂ ಮುಂಚೆ ಒಬ್ಬ ಡಾಕ್ಟರ್ ಹತ್ರ ಮಾತಾಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ನಂಬರ್ ಕೂಡ ಇದೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿ 2 ಗಂಟೆಗೂ ಎತ್ತುತ್ತಾರೆ.

ಹೊಸ ಕಡೆ ಇಂಟರ್‌ವ್ಯೂಗೆ ಹೋದಾಗ, ಕಳೆದ ತಿಂಗಳು ರಾತ್ರಿ 11ರಿಂದ ಬೆಳಿಗ್ಗೆ 6ರೊಳಗೆ ಎಷ್ಟು ಸಲ ಎಬ್ಬಿಸಿತ್ತು ಅಂತ ಕೇಳಿ. ನಂಬರ್ ಹೇಳಿದ್ರೆ, ದೊಡ್ಡದಿದ್ರೂ ಪರವಾಗಿಲ್ಲ, ಎಣಿಸ್ತಾ ಇದಾರೆ ಅಂತಾಯ್ತು. "ಹಾಗೇನೂ ಜಾಸ್ತಿ ಬರಲ್ಲ" ಅಂತ ನಕ್ರೆ ಕಾಫಿ ಕುಡಿದು ಎದ್ದು ಬನ್ನಿ.